ಪಟ್ಟಣದ ಉದುರೆಲೆ: ಬೆಂಕಿ ಬೀಳೋ ಮೊದಲೇ ಹೊಲಕ್ಕೆ ತನ್ನಿ



ಸಂಕ್ರಾಂತಿ ದಾಟಿ ಯುಗಾದಿ ಬರೋವರೆಗೂ ನಮ್ಮ ಕಡೆ ಮರಗಳು ಎಲೆ ಉದುರಿಸೋ ಕಾಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಪಟ್ಟಣದ ಬಡಾವಣೆಗೆ ಹೋದ್ರೂ ರಸ್ತೆ ಪಕ್ಕ ಹೊಂಗೆ, ಬೇವು, ಬಾದಾಮಿ, ಮಳೆಮರದ ಎಲೆ ರಾಶಿ ಬಿದ್ದಿರುತ್ತೆ. ಸವಣೂರಿನ ಆ ದೊಡ್ಡಹುಣಸೆ ಮರಗಳೂ ಬೇಸಿಗೆಯಲ್ಲಿ ಬೋಳಾಗಿ ನಿಲ್ತಾವೆ.

ಅದೇ ಹೊತ್ತಿಗೆ ನಮ್ಮ ಹೊಲಗಳಲ್ಲಿ ಗೋವಿನಜೋಳ ಮುರಿದು, ಹತ್ತಿ ಬಿಡಿಸಿ ಮುಗಿದಿರುತ್ತೆ. ತಿಪ್ಪೆ ಕಡೆ ನೋಡಿದ್ರೆ ಗೊಬ್ಬರ ಅಷ್ಟಕ್ಕಷ್ಟೇ. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮನೆಗಳಲ್ಲಿ ಹೆಂಡಿನೇ ಇಲ್ಲ. ಪಟ್ಟಣದಲ್ಲಿ ಎಲೆ ಹೆಚ್ಚಾಯ್ತು ಅಂತ ಸುಡ್ತಾರೆ, ಹಳ್ಳಿಯಲ್ಲಿ ಮಣ್ಣಿಗೆ ಹಾಕೋಕೆ ಸಾವಯವ ವಸ್ತು ಸಿಗ್ತಿಲ್ಲ. ಎರಡರ ನಡುವೆ ಇರೋದು ಐದೋ ಹತ್ತೋ ಕಿಲೋಮೀಟರ್ ರಸ್ತೆ ಅಷ್ಟೇ. ಆ ಎಲೆಯನ್ನ ಹೊಲಕ್ಕೆ ತರೋದು ಹೇಗೆ, ಯಾವುದನ್ನ ತರಬಾರದು, ಎಷ್ಟು ದೂರದಿಂದ ತಂದ್ರೆ ಲಾಭ ಅನ್ನೋದನ್ನ ಈ ವಾರ ನೋಡೋಣ.

ಸುಡೋದು ಯಾಕೆ?

ನಮ್ಮ ಭಾಗದ ಒಂದು ಪಟ್ಟಣದಲ್ಲಿ ಬೆಳಿಗ್ಗೆ ರಸ್ತೆ ಗುಡಿಸ್ತಿದ್ದ ಪೌರಕಾರ್ಮಿಕ ಮಹಿಳೆಯೊಬ್ಬರನ್ನ, "ಯಾಕ್ರೀ ಅಕ್ಕಾರ, ಎಲಿಗೆ ಬೆಂಕಿ ಹಚ್ಚತೀರಿ?" ಅಂತ ಕೇಳಿದೆ. "ತಮ್ಮಾ, ಎಲಿ ತುಂಬಿದ್ರ ಒಂದ ಓಣಿಗೇ ಗಾಡಿ ತುಂಬತೈತಿ. ಉಳಿದ ಓಣಿ ಕಸ ಎಲ್ಲಿ ಹಾಕೂದು?" ಅಂದ್ರು.

ಅವರು ಹೇಳಿದ್ದು ಲೆಕ್ಕದ ಮಾತು. ಒಣ ಎಲೆಗೆ ತೂಕ ಇಲ್ಲ, ಗಾತ್ರ ಮಾತ್ರ ಜಾಸ್ತಿ. ಟಿಪ್ಪರ್ ಒಳಗೆ ಹೋಗೋದು ಮುಕ್ಕಾಲು ಪಾಲು ಗಾಳಿನೇ. ಗಾಡಿಗಳು ಕಡಿಮೆ, ಓಣಿಗಳು ಜಾಸ್ತಿ ಇರೋ ಸಣ್ಣ ಪಟ್ಟಣದಲ್ಲಿ ಬೆಂಕಿಕಡ್ಡಿ ಅನ್ನೋದು ಅತಿ ಅಗ್ಗದ ಸಾಗಾಣಿಕೆ ಆಗಿಬಿಟ್ಟಿದೆ.

ಅದರ ಖರ್ಚನ್ನ ಬೇರೆಯವರು ಕೊಡ್ತಾರೆ. ಹೊಗೆಯನ್ನ ಮೊದಲು ಕುಡಿಯೋದು ಆ ಪೌರಕಾರ್ಮಿಕರೇ. ಆಮೇಲೆ ಓಣಿಯ ಮಕ್ಕಳು, ದಮ್ಮಿನ ಕಾಯಿಲೆ ಇರೋ ಹಿರಿಯರು. ಎಲೆ ಜೊತೆ ಗುಟ್ಕಾ ಚೀಟಿ, ಪ್ಲಾಸ್ಟಿಕ್ ಸುಟ್ರೆ ಹೊಗೆ ಇನ್ನೂ ಕೆಟ್ಟದ್ದು. ಮರದ ಬುಡದಲ್ಲೇ ಬೆಂಕಿ ಹಾಕಿದ್ರೆ ತೊಗಟೆ ಬೆಂದು ಮರ ಸೊರಗುತ್ತೆ. ಸುಡದೆ ಬಿಟ್ಟ ಎಲೆ ಗಟಾರಕ್ಕೆ ಬಿದ್ದು, ಮೊದಲ ದೊಡ್ಡ ಮಳೆಗೆ ನೀರು ಕಟ್ಟಿಕೊಂಡು ರಸ್ತೆ ಮೇಲೆ ಹರಿಯುತ್ತೆ. ಅದಕ್ಕೇ ಎಲೆ ಎತ್ತೋ ಕೆಲಸ ಮಳೆಗಾಲಕ್ಕೆ ಮೊದಲೇ ಮುಗೀಬೇಕು.

ನಿಯಮ ಏನು ಹೇಳುತ್ತೆ?

ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಪಟ್ಟಣಗಳ ಕಸದ ಬಗ್ಗೆ ಸುಪ್ರೀಂ ಕೋರ್ಟ್‌ಗೆ ಹೋಗಿದ್ರು. ಅದೇ ಮೊಕದ್ದಮೆ ಮುಂದುವರಿದು, 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡೋದನ್ನ ನಿಷೇಧಿಸಿತು. ಸಣ್ಣ ಪ್ರಮಾಣಕ್ಕೆ 5,000 ರೂ., ದೊಡ್ಡ ಪ್ರಮಾಣಕ್ಕೆ 25,000 ರೂ. ದಂಡ ಅಂತ ಆದೇಶದಲ್ಲಿದೆ.

ಅದೇ ವರ್ಷದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇನ್ನೊಂದು ಮಾತು ಹೇಳಿದವು. ಉದ್ಯಾನ ಮತ್ತು ತೋಟದ ಕಸವನ್ನ ಸ್ಥಳೀಯ ಸಂಸ್ಥೆ ಪ್ರತ್ಯೇಕವಾಗಿ ಸಂಗ್ರಹಿಸಬೇಕು, ಸಾಧ್ಯವಾದಷ್ಟು ಆ ಉದ್ಯಾನದಲ್ಲೇ ಸಂಸ್ಕರಿಸಬೇಕು. ಮನೆಯವರೂ ತಮ್ಮ ಅಂಗಳದ ಎಲೆಯನ್ನ ರಸ್ತೆಗೆ ಎಸೆಯದೆ, ಸುಡದೆ ಬೇರೆ ಇಟ್ಟು ಕೊಡಬೇಕು. ಅಂದ್ರೆ ನೀವು ಹೋಗಿ "ಎಲೆ ಬೇರೆ ಇಡಿ, ನಾನು ಒಯ್ತೀನಿ" ಅಂದ್ರೆ ಹೊಸ ಉಪಕಾರ ಏನೂ ಕೇಳಿದಂಗಲ್ಲ. ಅವರು ಮಾಡಬೇಕಾದ ಕೆಲಸದಲ್ಲಿ ಅರ್ಧ ಭಾರ ನೀವು ಹೊರ್ತಿದ್ದೀರಿ.

ಇದು ಹೊಸ ವಿಚಾರ ಅಲ್ಲ

ಹಾನಗಲ್ಲಿನ ಪಡುವಣಕ್ಕೆ ಶಿರಸಿ ಕಡೆ ಹೋದ್ರೆ ಅಡಿಕೆ ತೋಟದವರು ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸ್ತಾರೆ. ದನದ ಗಂಜಲ, ಸೆಗಣಿ ಕುಡಿದ ಆ ಎಲೆನೇ ತೋಟದ ಗೊಬ್ಬರ. ನಮಗೆ ಬೆಟ್ಟ ಇಲ್ಲ. ಪಟ್ಟಣದ ಸಾಲುಮರಗಳೇ ನಮ್ಮ ಸೊಪ್ಪಿನ ಬೆಟ್ಟ ಅಂದ್ಕೊಳ್ಳಿ.

ಊರ ಕಸವನ್ನ ಹೊಲಕ್ಕೆ ತರೋ ಕೆಲಸಕ್ಕೆ ನಮ್ಮ ರಾಜ್ಯದ ಹೆಸರೇ ಇದೆ. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಅವರು ಪಟ್ಟಣದ ಕಸವನ್ನ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಕೊಳೆಸೋ ಕ್ರಮ ರೂಪಿಸಿದ್ರು. ಕೃಷಿ ಪಾಠದಲ್ಲಿ ಇವತ್ತಿಗೂ ಅದು 'ಬೆಂಗಳೂರು ವಿಧಾನ'. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾಯ್ತು. ಮೈಸೂರಿನ ಕುಂಬಾರಕೊಪ್ಪಲಿನ ಘಟಕದಲ್ಲಿ ಮನೆಮನೆ ಕಸ ವಿಂಗಡಿಸಿ, ಗೊಬ್ಬರ ಮಾಡಿ ಮಾರ್ತಾರೆ. ಪುಣೆಯಲ್ಲಿ 2016ರಲ್ಲಿ ಶುರುವಾದ 'ಬ್ರೌನ್ ಲೀಫ್' ಅನ್ನೋ ಬಳಗ ಎಲೆ ಇದ್ದೋರನ್ನೂ ಎಲೆ ಬೇಕಾದೋರನ್ನೂ ಫೋನಲ್ಲೇ ಜೋಡಿಸ್ತು. ಸ್ಮಾರ್ಟ್‌ಫೋನ್ ಇರೋ ನಮಗೆ ಇದೇನು ಕಷ್ಟದ್ದಲ್ಲ.

ಪಟ್ಟಣದ ಗೊಬ್ಬರ ಅಂದ್ರೆ ರೈತರು ಮುಖ ತಿರುಗಿಸೋದಕ್ಕೂ ಕಾರಣ ಇದೆ. ಗಾಜಿನ ಚೂರು, ಪ್ಲಾಸ್ಟಿಕ್ ಹೊಲಕ್ಕೆ ಬಂದ್ರೆ ತಲೆಮಾರು ಕಳೆದ್ರೂ ಹೋಗಲ್ಲ. ಅದಕ್ಕೇ ನಾನು ಹೇಳ್ತಿರೋದು ಮಿಶ್ರ ಕಸದ ಮಾತಲ್ಲ, ಎಲೆ ಒಂದೇ. ಪಟ್ಟಣದ ಕಸದಲ್ಲಿ ಅತಿ ಶುದ್ಧವಾದ ಪಾಲು ಅದು, ಬೇರೆ ಇಟ್ರೆ ಮಾತ್ರ.

ಯಾವ ಎಲೆ ತರಬೇಕು, ಯಾವುದು ಬೇಡ

- ಹೊಂಗೆ, ಮಳೆಮರ, ಗುಲ್‌ಮೊಹರ್, ಸುಬಾಬುಲ್: ದ್ವಿದಳ ಜಾತಿ. ಸಾರಜನಕ ಹೆಚ್ಚು, ಬೇಗ ಕೊಳೆಯುತ್ತೆ. ಮೊದಲ ಆಯ್ಕೆ ಇವು.
- ಬೇವು: ಸಣ್ಣ ಎಲೆ, ಚೆನ್ನಾಗಿ ಕೊಳೆಯುತ್ತೆ.
- ಬಾದಾಮಿ, ಮಾವು, ಆಲ, ಅಶೋಕ: ದಪ್ಪ ಎಲೆ, ಮೇಲೆ ಮೇಣದ ಪದರ. ಕಣದಲ್ಲಿ ಹರಡಿ ನಾಲ್ಕೈದು ಸಲ ಟ್ರ್ಯಾಕ್ಟರ್ ಓಡಿಸಿ ಪುಡಿ ಮಾಡಿದ್ರೆ ಆಗುತ್ತೆ.
- ನೀಲಗಿರಿ, ಅಕೇಶಿಯಾ, ಸಾಗವಾನಿ: ತುಂಬಾ ನಿಧಾನ. ಕಾಲು ಭಾಗಕ್ಕಿಂತ ಹೆಚ್ಚು ಬೆರೆಸಬೇಡಿ.
- ಗಟಾರದ ಹೂಳು, ಗ್ಯಾರೇಜ್ ಮುಂದಿನ ಎಣ್ಣೆ ಮೆತ್ತಿದ ಎಲೆ, ಆಸ್ಪತ್ರೆ ಹಿಂದಿನ ಕಸ: ಪುಕ್ಕಟೆ ಕೊಟ್ರೂ ಬೇಡ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಮಾರೋ ಕಾಂಪೋಸ್ಟ್‌ನಲ್ಲಿ ಕೆ.ಜಿ.ಗೆ ಸೀಸ 100 ಮಿ.ಗ್ರಾಂ., ಕ್ಯಾಡ್ಮಿಯಂ 5 ಮಿ.ಗ್ರಾಂ. ದಾಟಬಾರದು. ಇಂಥ ಕಡೆಯ ಕಸದಲ್ಲಿ ಆ ಭಯ ಹೆಚ್ಚು.
- ಕಾಂಗ್ರೆಸ್ ಕಸ ಬೀಜ ಕಟ್ಟಿ ಎಲೆ ಜೊತೆ ಬಂದಿದ್ರೆ ಆರಿಸಿ ತೆಗೀರಿ.

ಬಡಾವಣೆಯ ಒಳರಸ್ತೆ, ಶಾಲೆ, ಕಾಲೇಜು, ಉದ್ಯಾನ, ಸರ್ಕಾರಿ ಕಚೇರಿ ಆವರಣ, ಇಲ್ಲಿನ ಎಲೆ ಸ್ವಚ್ಛ. ಇಲ್ಲಿಂದಲೇ ಶುರು ಮಾಡಿ.

ಕೇಳೋದು ಹೇಗೆ?

ಹಾನಗಲ್, ಶಿಗ್ಗಾಂವಿ, ಸವಣೂರಲ್ಲಿ ಪುರಸಭೆ ಇದೆ, ಹಿರೇಕೆರೂರಲ್ಲಿ ಪಟ್ಟಣ ಪಂಚಾಯಿತಿ. ಮುಖ್ಯಾಧಿಕಾರಿಗಳ ಹೆಸರಿಗೆ ಒಂದು ಪುಟದ ಅರ್ಜಿ ಬರೀರಿ: ಯಾವ ವಾರ್ಡ್, ವಾರದಲ್ಲಿ ಯಾವ ದಿನ, ಎಷ್ಟು ಟ್ರ್ಯಾಲಿ, ಎಲ್ಲಿಗೆ ಒಯ್ತೀರಿ. ಒಂದು ಪ್ರತಿ ಸೀಲು ಹಾಕಿಸಿ ಇಟ್ಕೊಳ್ಳಿ. ಆಮೇಲೆ ಆರೋಗ್ಯ ನಿರೀಕ್ಷಕರನ್ನ, ಆ ವಾರ್ಡಿನ ಗುಡಿಸೋರ ಮೇಲ್ವಿಚಾರಕರನ್ನ ಭೇಟಿ ಮಾಡಿ. ಕೆಲಸ ನಡೆಯೋದು ಅವರ ಮಟ್ಟದಲ್ಲಿ.

ಒಂದು ಮಾತು ನೆನಪಿಡಿ. ಪೌರಕಾರ್ಮಿಕರಿಗೆ ನಿಮ್ಮ ಚೀಲ ತುಂಬಿಕೊಡೋ ಕೆಲಸ ಹಚ್ಚಬೇಡಿ. ಅವರು ಎಲೆಯನ್ನ ಬೇರೆ ಗುಡ್ಡೆ ಹಾಕಿದ್ರೆ ಸಾಕು. ತುಂಬೋಕೆ ನಿಮ್ಮ ಆಳು, ನಿಮ್ಮ ಚೀಲ. ಹೇಳಿದ ದಿನ ತಪ್ಪದೆ ಹೋಗಿ ಎತ್ತಿ. ಎರಡು ಸಲ ತಪ್ಪಿಸಿದ್ರೆ ಮೂರನೇ ಸಲ ಮತ್ತೆ ಬೆಂಕಿನೇ. ಯಾಕಂದ್ರೆ ರಸ್ತೆ ಸ್ವಚ್ಛ ಇಲ್ಲ ಅಂತ ಬೈಸಿಕೊಳ್ಳೋರು ಅವರು, ನಾವಲ್ಲ.

ಓಣಿಯವರ ಜೊತೆ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡಿ. ಎಲೆ ಗುಡ್ಡೆಯ ಫೋಟೊ, ಲೊಕೇಶನ್ ಹಾಕೋಕೆ ಹೇಳಿ. ಯಾರಾದ್ರೂ ಸುಡ್ತಿದ್ರೆ ಪೌರಾಡಳಿತ ನಿರ್ದೇಶನಾಲಯದ 'ಜನಹಿತ' ಆ್ಯಪ್‌ನಲ್ಲಿ ದೂರು ಕೊಡಬಹುದು. ಆದ್ರೆ ದೂರಿಗಿಂತ ಮೊದಲು ಟ್ರ್ಯಾಲಿ ಹೋಗಲಿ.

ಒಂದು ಟ್ರ್ಯಾಲಿಯ ಲೆಕ್ಕ

ಎತ್ತರಕ್ಕೆ ಬಲೆ ಕಟ್ಟಿ, ತುಳಿದು ತುಂಬಿದ ಟ್ರ್ಯಾಲಿಯಲ್ಲಿ ಒಣ ಎಲೆ ಸುಮಾರು 5 ಕ್ವಿಂಟಲ್ ಹಿಡಿಯುತ್ತೆ. ಇದಕ್ಕೋಸ್ಕರವೇ 20 ಕಿ.ಮೀ. ಗಾಡಿ ಓಡಿಸಿದ್ರೆ ಡೀಸೆಲ್ ಖರ್ಚೂ ಹುಟ್ಟಲ್ಲ. ನಾವು ಮಾಡೋದು ಇಷ್ಟೇ: ಮಾಲು ಹಾಕೋಕೆ ಪಟ್ಟಣದ ಮಾರುಕಟ್ಟೆಗೆ ಹೋದ ದಿನ ವಾಪಸ್ ಬರೋ ಖಾಲಿ ಟ್ರ್ಯಾಲಿಗೆ ಎಲೆ ತುಂಬ್ತೀವಿ. ಹೆಂಗೂ ಬರೋ ಗಾಡಿ, ಖರ್ಚು ಆಳಿಂದು ಮಾತ್ರ. ಮೇಲೆ ತಾಡಪಲ್ ಬಿಗಿಯಾಗಿ ಕಟ್ಟಿ, ಇಲ್ಲಾಂದ್ರೆ ರಸ್ತೆ ತುಂಬಾ ನಾವೇ ಕಸ ಚೆಲ್ಲಿದಂಗೆ.

ಈ ಒಂದು ಟ್ರ್ಯಾಲಿಗೆ ಎರಡು ದಾರಿ.

ಮೊದಲನೆಯದು ಹೊದಿಕೆ. ಎಳೆ ಮಾವಿನ ಗಿಡಕ್ಕೆ 10 ಕೆ.ಜಿ. ಹಾಕಿದ್ರೆ 50 ಗಿಡಕ್ಕೆ ಆಗುತ್ತೆ. ಬುಡದಿಂದ ಅರ್ಧ ಅಡಿ ಬಿಟ್ಟು ಹರಡಿ, ಇಲ್ಲಾಂದ್ರೆ ಗೆದ್ದಲು ಕಾಂಡಕ್ಕೆ ಏರುತ್ತೆ. ಹೆಂಡಿ ರಾಡಿ ಚಿಮುಕಿಸಿದ್ರೆ ಗಾಳಿಗೆ ಹಾರಲ್ಲ. ಬೇಸಿಗೆಯಲ್ಲಿ ಒಣ ಎಲೆ ಅಂದ್ರೆ ಬೀಡಿ ಕಿಡಿಗೆ ಕಾಯ್ತಿರೋ ವಸ್ತು, ಅದಕ್ಕೆ ರಸ್ತೆ ಬದಿಯ ಸಾಲಿಗೆ ಹಾಕಬೇಡಿ.

ಎರಡನೆಯದು ಗೊಬ್ಬರ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಬರೀ ಎಲೆ ಗುಡ್ಡೆ ಹಾಕಿದ್ರೆ ವರ್ಷ ಕಳೆದ್ರೂ ಹಂಗೇ ಇರುತ್ತೆ. 5 ಕ್ವಿಂಟಲ್ ಎಲೆಗೆ 5 ಕ್ವಿಂಟಲ್ ಹಸಿ ಹೆಂಡಿ, 2 ಕ್ವಿಂಟಲ್ ಗ್ಲಿರಿಸಿಡಿಯಾ ಇಲ್ಲವೇ ಹೊಂಗೆಯ ಹಸಿ ಸೊಪ್ಪು ಬೇಕು.

1. ನೆರಳಲ್ಲಿ 10 ಅಡಿ ಉದ್ದ, 5 ಅಡಿ ಅಗಲ ಜಾಗ ಮಾಡಿ. ಎಲೆಯನ್ನ ಹಿಂದಿನ ದಿನವೇ ನೀರಲ್ಲಿ ನೆನೆಸಿ.
2. ಅರ್ಧ ಅಡಿ ಎಲೆ, ಅದರ ಮೇಲೆ ಹಸಿ ಸೊಪ್ಪು, ಮೇಲೆ ಹೆಂಡಿ ರಾಡಿ, ಒಂದು ಬುಟ್ಟಿ ಹಳೇ ತಿಪ್ಪೆ ಗೊಬ್ಬರ. ಹೀಗೇ 4 ಅಡಿ ಎತ್ತರದವರೆಗೆ.
3. ಶುರುವಲ್ಲೇ ಮೂರ್ನಾಲ್ಕು ಬ್ಯಾರೆಲ್ ನೀರು ಕುಡಿಯುತ್ತೆ. ಮುಷ್ಟಿಯಲ್ಲಿ ಹಿಂಡಿದ್ರೆ ಒಂದೆರಡು ಹನಿ ಬರಬೇಕು, ಸುರಿಯಬಾರದು.
4. ಮೇಲೆ ಗೋಣಿಚೀಲ ಹೊದಿಸಿ. ವಾರದೊಳಗೆ ಒಳಗಿನ ಕಾವು ಕೈ ಇಡೋಕಾಗದಷ್ಟು ಏರುತ್ತೆ. ಕಾವು ಬರಲಿಲ್ಲ ಅಂದ್ರೆ ನೀರು ಇಲ್ಲವೇ ಹೆಂಡಿ ಕಡಿಮೆ.
5. 15 ದಿನಕ್ಕೊಮ್ಮೆ ತಿರುವಿ. ಸಿಕ್ಕ ಪ್ಲಾಸ್ಟಿಕ್, ಗಾಜು ಆಗಲೇ ಆರಿಸಿ.

ಫೆಬ್ರವರಿ ಕೊನೆಗೆ ಹಾಕಿದ ಗುಡ್ಡೆ ಮಿರಗದ ಮಳೆ ಹೊತ್ತಿಗೆ ಸಿದ್ಧ. ಒಂದು ಟ್ರ್ಯಾಲಿಯಿಂದ 5–6 ಕ್ವಿಂಟಲ್ ಗೊಬ್ಬರ ಸಿಗುತ್ತೆ. ಗೋವಿನಜೋಳದ ಹೊಲಕ್ಕೆ ಇದು ಯಾವ ಮೂಲೆಗೂ ಸಾಲಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಸಸಿ ಮಡಿ, ತರಕಾರಿ ಸಾಲು, ಎಲೆಬಳ್ಳಿ ತೋಟ, ಹೊಸ ಗಿಡದ ಗುಂಡಿ, ಇಂಥ ಕಡೆ ಹಾಕಿದ್ರೆ ಬೆಲೆ ಬರುತ್ತೆ. ಸಾವಯವ ಪ್ರಮಾಣಪತ್ರ ಇದ್ದೋರು ಪಟ್ಟಣದ ಎಲೆ ತರೋ ಮೊದಲು ಪ್ರಮಾಣೀಕರಣ ಸಂಸ್ಥೆಯ ಒಪ್ಪಿಗೆಯನ್ನ ಲಿಖಿತವಾಗಿ ತಗೊಳ್ಳಿ. ಅನುಮಾನ ಇದ್ರೆ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದವರನ್ನ ಕೇಳಿ.

ಈ ವಾರ ಇಷ್ಟು ಮಾಡಿ: ಪಟ್ಟಣಕ್ಕೆ ಹೋದಾಗ ಎಲೆ ಹೆಚ್ಚು ಬೀಳೋ ಎರಡು ಓಣಿ ಗುರುತು ಹಾಕ್ಕೊಳ್ಳಿ, ಅಲ್ಲಿ ಗುಡಿಸೋರ ಹತ್ತಿರ ನಿಂತು ಮಾತಾಡಿ, ಅರ್ಜಿ ಕೊಟ್ಟು ಬನ್ನಿ. ನಾಲ್ಕೈದು ಗೆಳೆಯರು ಸೇರಿದ್ರೆ ಒಬ್ಬೊಬ್ಬರಿಗೆ ಒಂದೊಂದು ಮಾರುಕಟ್ಟೆ ದಿನ ಹಂಚ್ಕೊಳ್ಳಬಹುದು. ಆಗ ಯಾವ ವಾರವೂ ಎಲೆ ರಸ್ತೆಯಲ್ಲಿ ಉಳಿಯಲ್ಲ, ಯಾರ ಟ್ರ್ಯಾಲಿಯೂ ಖಾಲಿ ವಾಪಸ್ ಬರಲ್ಲ.