ಅಪ್ಪನ ಅಂಬಲಿ ಮತ್ತು ಚೆಲ್ಲದ ಡಬ್ಬಿ

ಕಳೆದ ವರ್ಷ ಅಪ್ಪನಿಗೆ ಮಂಡಿ ಆಪರೇಷನ್ ಆಯಿತು. ಆಸ್ಪತ್ರೆ ಇದ್ದದ್ದು ಹಬ್ಸಿಗುಡ ಕಡೆ, ನಮ್ಮ ಮನೆ ಉಪ್ಪಲ್‌ನಲ್ಲಿ. ಒಂದು ವಾರ ಬೆಳಿಗ್ಗೆ ಆರೂವರೆಗೆ ಒಂದು ಡಬ್ಬಿ ರಾಗಿ ಅಂಬಲಿ ತೆಗೆದುಕೊಂಡು ಸೈಕಲ್‌ನಲ್ಲಿ ಹೋಗುವುದು ನನ್ನ ಕೆಲಸವಾಗಿತ್ತು. ಆಸ್ಪತ್ರೆಯ ಇಡ್ಲಿ, ಟೀ ಅಪ್ಪನಿಗೆ ಸೇರುತ್ತಿರಲಿಲ್ಲ. ಮಜ್ಜಿಗೆ ಬೆರೆಸಿ, ಈರುಳ್ಳಿ ಹಾಕಿದ ಅಂಬಲಿ ಇಲ್ಲದಿದ್ದರೆ ಅವರಿಗೆ ಬೆಳಗಾದಂತೆಯೇ ಅಲ್ಲ.

ಸೈಕಲ್ ಯಾಕೆ ಅಂತ ಕೇಳಬಹುದು. ಆಸ್ಪತ್ರೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುತ್ತಿರಲಿಲ್ಲ. ಮೆಟ್ರೋ ಇದೆ, ನಿಜ. ಆದರೆ ಸ್ಟೇಷನ್‌ಗೆ ನಡೆದು, ಸ್ಕೈವಾಕ್ ಹತ್ತಿ ಇಳಿದು ಹೋಗುವಷ್ಟರಲ್ಲಿ ಸೈಕಲ್ ಆಸ್ಪತ್ರೆ ಮುಟ್ಟಿರುತ್ತದೆ. ಒಂಬತ್ತಕ್ಕೆ ಆಫೀಸಿನ ಲಾಗಿನ್ ಬೇರೆ. ಇನ್ನು ಫ್ಲಾಸ್ಕ್? ಮೊದಲ ದಿನ ಅದರಲ್ಲೇ ಒಯ್ದಿದ್ದೆ. ಅಪ್ಪ ಒಂದು ಗುಟುಕು ಕುಡಿದು, "ಕಾಫಿ ವಾಸ್ನೆ" ಅಂತ ಪಕ್ಕಕ್ಕಿಟ್ಟರು.

ಎರಡನೇ ದಿನ ಹಿಡಿ ಇರುವ ಸ್ಟೀಲ್ ಡಬ್ಬಿ ತೆಗೆದುಕೊಂಡೆ. ಚೆಲ್ಲಬಾರದು ಎಂದು ಮುಕ್ಕಾಲು ಮಾತ್ರ ತುಂಬಿಸಿ ಹಿಂದಿನ ಕ್ಯಾರಿಯರ್‌ಗೆ ಕಟ್ಟಿದೆ. ಹಂಪ್, ಗುಂಡಿ, ಎದುರಿಗೆ ನುಗ್ಗಿ ಬರುವ ಆಟೋ ಎಲ್ಲ ದಾಟಿ ಹೋಗಿ ನೋಡಿದರೆ ಡಬ್ಬಿಯ ಹೊರಗೆಲ್ಲ ಅಂಬಲಿ, ಕ್ಯಾರಿಯರ್ ಮೇಲೆ ಈರುಳ್ಳಿ. ಮೂರನೇ ದಿನ ಇನ್ನೂ ಕಡಿಮೆ ತುಂಬಿಸಿದೆ. ಆಗಲೂ ಚೆಲ್ಲಿತು.

ಅಪ್ಪ ಡಬ್ಬಿ ನೋಡಿ ಕೇಳಿದರು, "ಹುಲ್ಲು ಹಾಕಿದ್ಯೇನ್ಲಾ?"

ಆಪರೇಷನ್ ಆದಮೇಲೆ ಅವರು ತಾವಾಗಿಯೇ ಆಡಿದ ಮೊದಲ ಮಾತು ಅದು. ಅಮ್ಮ ಹೋದಮೇಲೆ ಅಪ್ಪ ನಮ್ಮ ಜೊತೆ ಉಪ್ಪಲ್‌ಗೆ ಬಂದರು. ಇಲ್ಲಿ ಅಕ್ಕಪಕ್ಕದಲ್ಲಿ ತೆಲುಗು, ಹಿಂದಿ. ನಾವಿಬ್ಬರೂ ಬೆಳಿಗ್ಗೆಯಿಂದ ಸಂಜೆವರೆಗೆ ಲ್ಯಾಪ್‌ಟಾಪ್ ಮುಂದೆ. ಎರಡು ವರ್ಷದಲ್ಲಿ ಅವರು ಮಾತೇ ಕಡಿಮೆ ಮಾಡಿಬಿಟ್ಟಿದ್ದರು. ಅಂಥವರು ಆ ದಿನ ದಿಂಬಿಗೆ ಒರಗಿಕೊಂಡು ಅರ್ಧ ಗಂಟೆ ಮಾತಾಡಿದರು, ಹಾಲಿನ ಕ್ಯಾನ್ ಬಗ್ಗೆ.

ನಮ್ಮೂರು ಮದ್ದೂರು ತಾಲೂಕಿನ ಒಂದು ಸಣ್ಣ ಹಳ್ಳಿ. 1974ರಲ್ಲಿ ಸರ್ಕಾರ ಡೇರಿ ಅಭಿವೃದ್ಧಿ ನಿಗಮ ಮಾಡಿತು, 1984ರಲ್ಲಿ ಅದು ಕೆಎಂಎಫ್ ಆಯಿತು. ಹಳ್ಳಿಗಳಲ್ಲಿ ಹಾಲಿನ ಸೊಸೈಟಿಗಳು ಹುಟ್ಟಿಕೊಂಡ ಕಾಲ ಅದು. ನಮ್ಮ ಹಳ್ಳಿಯಲ್ಲಿ ಸೊಸೈಟಿ ಇರಲಿಲ್ಲ, ಪಕ್ಕದೂರಿನಲ್ಲಿತ್ತು. ಅಪ್ಪ ನಮ್ಮ ಹಾಲಿನ ಜೊತೆ ಇನ್ನೂ ನಾಲ್ಕು ಮನೆಯ ಹಾಲನ್ನು ಸೈಕಲ್‌ನ ಎರಡೂ ಕಡೆ ಕ್ಯಾನ್ ಕಟ್ಟಿಕೊಂಡು ಮಣ್ಣಿನ ದಾರಿಯಲ್ಲಿ ಒಯ್ಯುತ್ತಿದ್ದರು. ಸೊಸೈಟಿಯಲ್ಲಿ ಅಳತೆ ಮಾಡಿ ಬರೆದುಕೊಂಡಷ್ಟಕ್ಕೇ ದುಡ್ಡು. ದಾರಿಯಲ್ಲಿ ಚೆಲ್ಲಿದ್ದು ಯಾರ ಮನೆಯ ಹಾಲು ಅಂತ ಹೇಳುವುದು? ಅದಕ್ಕೇ ಚೆಲ್ಲಲೇಬಾರದು.

ಅವರು ಹೇಳಿದ್ದು ಇಷ್ಟು: "ಅರ್ಧ ತುಂಬ್ಸುದ್ರೆ ಕುಣೀತದೆ ಕಣ್ಲಾ. ಕಂಠದ ಗಂಟ ತುಂಬ್ಸು. ಮೇಲೆ ಒಂದ್ ಹಿಡಿ ಹುಲ್ಲು ಹಾಕಿ ಮುಚ್ಚಳ ಬಿಗಿ. ಕುಣಿಯಾಕೆ ಸುರು ಆದ್ರೆ ತುಳಿಯೋದ್ನ ನಿಲ್ಸು, ಸೈಕಲ್ ತಾನೇ ಉರುಳ್ಕೊಂಡ್ ಹೋಗ್ಲಿ."

"ಉಪ್ಪಲ್‌ನಲ್ಲಿ ಹುಲ್ಲು ಎಲ್ಲಿಂದ ತರ್ಲಪ್ಪಾ?"

"ಬಾಳೆ ಎಲೆ ಸಿಕ್ಕಾಕಿಲ್ವಾ?"

ಸಂಜೆ ಮನೆಗೆ ಬಂದು ಇದನ್ನೆಲ್ಲ ಹುಡುಕಿ ಓದಿದೆ. ನಮ್ಮಂಥವರಿಗೆ ಅಪ್ಪ ಹೇಳಿದ್ದು ಸರಿ ಅಂತ ಗೊತ್ತಾಗಲು ಒಂದು ಪೇಪರ್ ಬೇಕಲ್ಲ! 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಸ್ಲಾನ್ ಕ್ರೆಚೆಟ್ನಿಕೊವ್ ಮತ್ತು ಹ್ಯಾನ್ಸ್ ಮೇಯರ್ 'ನಡೆಯುವಾಗ ಕಾಫಿ ಯಾಕೆ ಚೆಲ್ಲುತ್ತದೆ' ಎಂದು ಅಧ್ಯಯನ ಮಾಡಿದರು. ನಗಿಸಿ ಆಮೇಲೆ ಯೋಚಿಸಲು ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಆ ವರ್ಷ ಅವರಿಗೆ ಬಂತು. ವಿಷಯ ಸರಳ. ಪ್ರತಿ ಪಾತ್ರೆಯಲ್ಲಿರುವ ದ್ರವಕ್ಕೂ ತನ್ನದೇ ಆದ ಒಂದು ತೂಗಾಟದ ಲಯವಿದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಅದು ಮೇಲೆ ಮೇಲೆ ಹೋಗುತ್ತದಲ್ಲ, ಹಾಗೆಯೇ ನಮ್ಮ ಹೆಜ್ಜೆ ಕಪ್ಪಿನ ಲಯಕ್ಕೆ ಹೊಂದಿದರೆ ಕಾಫಿ ಚೆಲ್ಲುತ್ತದೆ.

ಸೈಕಲ್‌ಗೆ ನಾನೇ ಲೆಕ್ಕ ಹಾಕಿದೆ. ನಿಮಿಷಕ್ಕೆ 60 ಸುತ್ತು ತುಳಿದರೆ, ಸುತ್ತಿಗೆ ಎರಡು ತುಳಿತದಂತೆ ಸೆಕೆಂಡಿಗೆ 2 ತಳ್ಳಾಟ. 24 ಸೆಂ.ಮೀ. ಅಗಲದ ಕ್ಯಾನ್‌ನಲ್ಲಿ ಹಾಲು ತೂಗುವುದೂ ಸೆಕೆಂಡಿಗೆ ಸುಮಾರು 2 ಸಲ! ತುಳಿಯುವುದನ್ನು ನಿಲ್ಲಿಸು ಎಂದು ಅಪ್ಪ ಹೇಳಿದ್ದು ಇದಕ್ಕೇ. ಉಯ್ಯಾಲೆ ತಳ್ಳುವುದನ್ನು ಬಿಟ್ಟರೆ ಅದು ತಾನಾಗಿ ನಿಲ್ಲುತ್ತದೆ. ಪಾತ್ರೆ ಕಿರಿದಾದಷ್ಟೂ ಲಯ ಬೇಗನೆಯದು, ತುಳಿತದ ಲಯಕ್ಕಿಂತ ದೂರ. ಆದ್ದರಿಂದ ಅಗಲ ಡಬ್ಬಿಗಿಂತ ಉದ್ದ ಡಬ್ಬಿ ಒಳ್ಳೆಯದು.

ತುಂಬಿಸುವ ವಿಷಯದಲ್ಲಿ ನಾನು ಮಾಡಿದ್ದೇ ತಪ್ಪು. ತೆರೆದ ಕಪ್ಪಾದರೆ ಕಡಿಮೆ ತುಂಬಿಸಬೇಕು. ಮುಚ್ಚಳವಿರುವ ಡಬ್ಬಿಗೆ ತುಂಬ ತುಂಬಿಸಬೇಕು. ಒಳಗೆ ಖಾಲಿ ಜಾಗ ಇದ್ದರೆ ತಾನೇ ಅಲೆ ಏಳುವುದು? ಪೆಟ್ರೋಲ್ ಟ್ಯಾಂಕರ್ ಒಳಗೆ ಅಡ್ಡ ತಡೆಗಳನ್ನು ಹಾಕಿರುವುದೂ ಅಲೆ ಮುರಿಯುವುದಕ್ಕೇ.

ಹುಲ್ಲು ಮಾಡುವುದೂ ಅದನ್ನೇ. ಹಾಲಿನ ಮೇಲ್ಮೈ ಕದಲಿದರೆ ಹುಲ್ಲಿನ ಎಳೆಗಳಿಗೆ ಉಜ್ಜಿ ಅದರ ಶಕ್ತಿ ಕರಗುತ್ತದೆ. 2015ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ನೊರೆಯ ಮೇಲೆ ಪ್ರಯೋಗ ಮಾಡಿ, ಐದು ಪದರ ಗುಳ್ಳೆ ಇದ್ದರೂ ಸಾಕು, ತೂಗಾಟ ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದರು. ನೊರೆ ಇರುವ ನಮ್ಮ ಫಿಲ್ಟರ್ ಕಾಫಿ ಬ್ಲ್ಯಾಕ್ ಕಾಫಿಗಿಂತ ಕಡಿಮೆ ತುಳುಕುವುದು ಇದರಿಂದಲೇ.

ಇನ್ನೊಂದು ಉಪಾಯ ಇಲ್ಲಿನ ಚಾಯ್ ಹುಡುಗರದ್ದು. ಗಾಜಿನ ಲೋಟಗಳನ್ನು ಹಿಡಿ ಇರುವ ತಂತಿ ಸ್ಟ್ಯಾಂಡಿನಲ್ಲಿ ನೇತುಹಾಕಿಕೊಂಡು ಓಡುತ್ತಾರೆ. ನೇತಾಡುವ ಪಾತ್ರೆ ವೇಗಕ್ಕೆ ತಕ್ಕಂತೆ ತಾನೇ ವಾಲುವುದರಿಂದ ಚಹಾ ಲೋಟದ ಅಂಚಿಗೆ ಏರುವುದಿಲ್ಲ. ಜಪಾನಿನಲ್ಲಿ ನೂಡಲ್ಸ್ ಸೂಪ್ ಒಯ್ಯುವವರು ಬೈಕಿನ ಹಿಂದೆ ಸ್ಪ್ರಿಂಗ್ ಇರುವ ತೂಗುಚೌಕಟ್ಟು ಕಟ್ಟಿಕೊಳ್ಳುವುದೂ ಇದೇ ತತ್ವದ ಮೇಲೆ. ಆದರೆ ಡಬ್ಬಿಯನ್ನು ಹ್ಯಾಂಡಲ್‌ಗೆ ಮಾತ್ರ ನೇತುಹಾಕಬೇಡಿ. ಚಕ್ರಕ್ಕೆ ಬಡಿಯುತ್ತದೆ, ತಿರುವಿನಲ್ಲಿ ನಿಮ್ಮನ್ನೂ ಬೀಳಿಸುತ್ತದೆ.

ಇದೇ ಹೈದರಾಬಾದಿನಲ್ಲಿ 2021ರ ಜೂನ್‌ನಲ್ಲಿ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದು ಒಬ್ಬರಿಗೆ ಬಿಸಿ ಚಹಾ ತಲುಪಿಸಿದ್ದ. ಅವರು ಅದನ್ನು ಫೇಸ್‌ಬುಕ್‌ನಲ್ಲಿ ಬರೆದು, ಜನ ದುಡ್ಡು ಕೂಡಿಸಿ, ಹುಡುಗನಿಗೆ ಟಿವಿಎಸ್ ಎಕ್ಸ್‌ಎಲ್ ಕೊಡಿಸಿದರು. ಆಗ ಆ ಸುದ್ದಿಯನ್ನು ನಾನೂ ನಾಲ್ಕು ಗ್ರೂಪಿಗೆ ಕಳಿಸಿದ್ದೆ. ಹೈಸ್ಕೂಲ್ ಗೆಳೆಯರ ಜೊತೆ ನಿಂತಿದ್ದಾಗ ಅಪ್ಪನ ಹಾಲಿನ ಸೈಕಲ್ ಬಂದರೆ ಬೇರೆ ಕಡೆ ತಿರುಗುತ್ತಿದ್ದ ನಾನು.

ನಾಲ್ಕನೇ ದಿನ ಉಪ್ಪಲ್ ಮಾರ್ಕೆಟ್ಟಿನಿಂದ ತಂದ ಬಾಳೆ ಎಲೆಯನ್ನು ತೊಳೆದು ಉದ್ದಕ್ಕೆ ಸೀಳಿ, ಸುರುಳಿ ಮಾಡಿ ಕಂಠದವರೆಗೆ ತುಂಬಿದ ಅಂಬಲಿಯ ಮೇಲೆ ಇಟ್ಟೆ. ಮುಚ್ಚಳ ಬಿಗಿದು, ಅಡಿಗೆ ಹಳೆಯ ಟವೆಲ್ ಹಾಕಿ, ಅಲುಗಾಡದಂತೆ ಕ್ಯಾರಿಯರ್‌ಗೆ ಕಟ್ಟಿದೆ. ಟೈರಿನ ಗಾಳಿ ಸ್ವಲ್ಪ ಇಳಿಸಿದೆ. ಹಂಪ್ ಬಂದಾಗ ಸೀಟಿನಿಂದ ಎದ್ದು ನಿಂತೆ, ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತಿದೆ.

ಅಪ್ಪ ಡಬ್ಬಿ ತೆಗೆದುಕೊಂಡು ಮುಚ್ಚಳದ ಸುತ್ತ ಬೆರಳಾಡಿಸಿದರು. ಒಣಗಿತ್ತು.

"ಪರ್ವಾಗಿಲ್ಲ. ಸೊಸೈಟಿಗೆ ಹಾಲ್ ಹಾಕಾಕೆ ಕಳಿಸ್ಬೋದು ನಿನ್ನ" ಅಂದರು.

ಈಗ ಅಪ್ಪ ಕೋಲು ಹಿಡಿದು ಅಪಾರ್ಟ್‌ಮೆಂಟ್ ಸುತ್ತ ನಡೆಯುತ್ತಾರೆ. ಸೈಕಲ್ ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಭಾನುವಾರ ನಾನು ಹಾಲು, ಮೊಸರು ತರಲು ಸೈಕಲ್ ತೆಗೆದರೆ ಗೇಟಿನವರೆಗೆ ಬಂದು ಚಕ್ರ ಒತ್ತಿ ನೋಡಿ, "ಗಾಳಿ ಜಾಸ್ತಿ ಆಯ್ತು" ಅನ್ನುತ್ತಾರೆ. ನಾನು ಬಗ್ಗಿ ಸ್ವಲ್ಪ ಗಾಳಿ ಬಿಡುತ್ತೇನೆ.