ದುಬಾರಿ ತಂತ್ರಾಂಶ ಕೊಂಡರೆ ಹಾಡು ಚೆನ್ನಾಗಿ ಬರುತ್ತದೆಯೇ?

ಮಗಳು ಸಂಗೀತ ಕಲಿಯುತ್ತಿದ್ದಾಳೆ, ಅವಳ ಹಾಡನ್ನು ಮನೆಯಲ್ಲೇ ರೆಕಾರ್ಡ್ ಮಾಡಬೇಕು. ಊರಲ್ಲಿರುವ ಅಜ್ಜಿಗೆ ಹತ್ತಾರು ಸೋಬಾನೆ ಪದಗಳು ಬಾಯಿಗೆ ಬರುತ್ತವೆ, ಅವು ಅಜ್ಜಿಯ ಜೊತೆಗೇ ಮರೆಯಾಗಬಾರದು. ಇಂಥ ಯೋಚನೆ ಬಂದ ಕೂಡಲೇ ಎದುರಾಗುವ ಪ್ರಶ್ನೆ ಒಂದೇ: ಮನೆಯ ಕಂಪ್ಯೂಟರಿಗೆ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳುವುದು?

ಹುಡುಕಿ ನೋಡಿದರೆ ಉಚಿತವಾಗಿ ಸಿಗುವುದರಿಂದ ಹಿಡಿದು ಹತ್ತಾರು ಸಾವಿರ ರೂಪಾಯಿ ಬೆಲೆಯವರೆಗೆ ಬಗೆಬಗೆಯ ತಂತ್ರಾಂಶಗಳು ಕಾಣುತ್ತವೆ. "ದೊಡ್ಡ ಸ್ಟುಡಿಯೋದವರು ಬಳಸುವುದು ಇದನ್ನೇ, ಇದರ ಸೌಂಡೇ ಬೇರೆ" ಎಂಬ ಸಲಹೆಯೂ ಬರುತ್ತದೆ. ಈ ಮಾತು ಎಷ್ಟು ನಿಜ? ಬೆಲೆ ಹೆಚ್ಚಾದಂತೆ ದನಿಯ ಗುಣಮಟ್ಟವೂ ಹೆಚ್ಚುತ್ತದೆಯೇ?

ಈ ತಂತ್ರಾಂಶ ಮಾಡುವ ಕೆಲಸವೇನು?

ಮೈಕಿನ ಮುಂದೆ ಹಾಡಿದಾಗ ಗಾಳಿಯ ಕಂಪನ ವಿದ್ಯುತ್ ಸಂಕೇತವಾಗುತ್ತದೆ. ಆ ಸಂಕೇತವನ್ನು ಸಂಖ್ಯೆಗಳಾಗಿ ಬದಲಿಸುವುದು ಒಂದು ಯಂತ್ರಾಂಶ. ಅದು ಕಂಪ್ಯೂಟರಿನೊಳಗಿನ ಸೌಂಡ್ ಕಾರ್ಡ್ ಆಗಿರಬಹುದು, ಯುಎಸ್‌ಬಿ ಮೈಕಿನೊಳಗೇ ಇರಬಹುದು ಅಥವಾ ಪ್ರತ್ಯೇಕವಾಗಿ ಜೋಡಿಸುವ ಆಡಿಯೋ ಇಂಟರ್‌ಫೇಸ್ ಆಗಿರಬಹುದು. ಸಿ.ಡಿ. ಗುಣಮಟ್ಟದಲ್ಲಿ ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆಯಲಾಗುತ್ತದೆ. ಇಂಥ ಒಂದೊಂದು ಅಳತೆಯೂ ಒಂದು ಸ್ಯಾಂಪಲ್.

ಗಮನಿಸಿ, ಇಷ್ಟೆಲ್ಲ ಆಗುವುದು ತಂತ್ರಾಂಶಕ್ಕೆ ತಲುಪುವ ಮೊದಲೇ. ತಂತ್ರಾಂಶದ ಪಾಲಿಗೆ ಬರುವುದು ಬರೀ ಸಂಖ್ಯೆಗಳ ಸಾಲು. ಅದನ್ನು ಉಳಿಸುವುದು, ಕತ್ತರಿಸುವುದು, ಹಾಡು-ಪಿಟೀಲು-ಮೃದಂಗಗಳ ಸಾಲುಗಳನ್ನು ಒಂದರ ಮೇಲೊಂದು ಕೂಡಿಸುವುದು ಅದರ ಕೆಲಸ. ಹೀಗೆ ಹಲವು ಟ್ರ್ಯಾಕ್‌ಗಳನ್ನು ನಿಭಾಯಿಸುವ ತಂತ್ರಾಂಶಕ್ಕೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್, ಚುಟುಕಾಗಿ 'ಡಾ' ಎಂದು ಹೆಸರು.

ಎರಡಕ್ಕೆ ಮೂರು ಕೂಡಿಸಿದರೆ ಐದು ಬರುವುದು ಅಗ್ಗದ ಕ್ಯಾಲ್ಕುಲೇಟರಿನಲ್ಲೂ ಅಷ್ಟೇ, ದುಬಾರಿ ಕ್ಯಾಲ್ಕುಲೇಟರಿನಲ್ಲೂ ಅಷ್ಟೇ. ಇಲ್ಲಿಯೂ ಹಾಗೆಯೇ.

ಪರೀಕ್ಷೆ ಮಾಡಿ ನೋಡಬಹುದೇ?

ಖಂಡಿತ. ಒಂದೇ ಧ್ವನಿಮುದ್ರಣವನ್ನು ಎರಡು ಬೇರೆ ಬೇರೆ ತಂತ್ರಾಂಶಗಳಿಗೆ ಹಾಕಿ, ಯಾವ ಎಫೆಕ್ಟನ್ನೂ ಸೇರಿಸದೆ, ಮಟ್ಟವನ್ನೂ ಬದಲಿಸದೆ ಎರಡು ವೇವ್ ಕಡತಗಳನ್ನು ತೆಗೆಯಿರಿ. ಎರಡನ್ನೂ ಒಂದೇ ಕಡೆ ಜೋಡಿಸಿ, ಒಂದನ್ನು ಇನ್‌ವರ್ಟ್ ಮಾಡಿ, ಅಂದರೆ ಅದರ ಅಲೆಗಳನ್ನು ತಲೆಕೆಳಗು ಮಾಡಿ. ಈಗ ಎರಡನ್ನೂ ಒಟ್ಟಿಗೆ ನುಡಿಸಿದರೆ ಒಂದರ ಉಬ್ಬು ಇನ್ನೊಂದರ ತಗ್ಗನ್ನು ತುಂಬಿಬಿಡುತ್ತದೆ. ಎರಡೂ ಒಂದೇ ಆಗಿದ್ದರೆ ಉಳಿಯುವುದು ಮೌನ. ವ್ಯತ್ಯಾಸ ಇದ್ದರೆ ಆ ವ್ಯತ್ಯಾಸವಷ್ಟೇ ಕೇಳಿಸಬೇಕು. ಇದಕ್ಕೆ ನಲ್ ಟೆಸ್ಟ್ ಎನ್ನುತ್ತಾರೆ. ಸೆಟ್ಟಿಂಗುಗಳು ಒಂದೇ ಇದ್ದಾಗ ಇಲ್ಲಿ ಉಳಿಯುವುದು ಮೌನ, ಇಲ್ಲವೇ ಕಿವಿಗೆ ಸಿಗದಷ್ಟು ಸಣ್ಣ ಶೇಷ.

ಹಾಗಿದ್ದರೆ "ಇದರ ಸೌಂಡೇ ಬೇರೆ" ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅವರಿಗೆ ಹಾಗೆ ಕೇಳಿಸಿರಬಹುದು. ನಟ್ಟನಡುವೆ ಇಟ್ಟ ದನಿಯನ್ನು ಕೆಲವು ತಂತ್ರಾಂಶಗಳು ತಾವಾಗಿಯೇ 3 ಡೆಸಿಬಲ್‌ನಷ್ಟು ತಗ್ಗಿಸುತ್ತವೆ, ಕೆಲವು ತಗ್ಗಿಸುವುದಿಲ್ಲ. ತುಸು ಜೋರಾಗಿ ಕೇಳಿದ್ದನ್ನೇ ನಮ್ಮ ಕಿವಿ 'ಚೆನ್ನಾಗಿದೆ' ಎಂದು ಒಪ್ಪಿಕೊಳ್ಳುತ್ತದೆ! ದುಬಾರಿ ತಂತ್ರಾಂಶದ ಜೊತೆಗೆ ಬರುವ ಎಫೆಕ್ಟುಗಳು ಮತ್ತು ವಾದ್ಯಗಳ ದನಿಗಳು ಒಳ್ಳೆಯವಾಗಿರಬಹುದು ಎನ್ನುವುದೂ ನಿಜವೇ. ಆದರೆ ನೀವು ಹಾಡಿದ್ದನ್ನು ಹಾಡಿದ ಹಾಗೆ ಉಳಿಸಿಕೊಳ್ಳುವ ಕೆಲಸದಲ್ಲಿ ಬೆಲೆಗೆ ಪಾತ್ರವಿಲ್ಲ.

ಹಾಗಾದರೆ ಹಾಡು ಕೆಡುವುದು ಎಲ್ಲಿ?

ಮೊದಲನೆಯದು, ಕೋಣೆ. ಮನೆಯ ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. 'ಟಣ್' ಎಂದು ದನಿ ಮರಳಿ ಬಂದರೆ ನಿಮ್ಮ ಹಾಡಿನ ಜೊತೆಗೂ ಅದು ಬರುತ್ತದೆ. ಮೊಸಾಯಿಕ್ ನೆಲ, ಬರಿಗೋಡೆ, ಗಾಜಿನ ಕಿಟಕಿಗಳೆಲ್ಲ ದನಿಯನ್ನು ವಾಪಸ್ ಕಳಿಸುತ್ತವೆ. ಹಾಸಿಗೆ, ದಪ್ಪ ಕಂಬಳಿ, ಬಟ್ಟೆ ತುಂಬಿ ಬಾಗಿಲು ತೆರೆದಿಟ್ಟ ಬೀರು ಇವೆಲ್ಲ ಅದನ್ನು ಹೀರಿಕೊಳ್ಳುತ್ತವೆ. ಹಾಗಾಗಿ ರೆಕಾರ್ಡಿಂಗಿಗೆ ಹಾಲಿಗಿಂತ ಮಲಗುವ ಕೋಣೆಯೇ ವಾಸಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಹೊರಗಿನ ಗದ್ದಲ ಒಳಗೆ ಬರುವುದಿಲ್ಲ ಎನ್ನುವುದು ಇನ್ನೊಂದು ತಪ್ಪು ನಂಬಿಕೆ. ಸದ್ದು ತಡೆಯಲು ಬೇಕಿರುವುದು ಭಾರವಾದ ಗೋಡೆ, ಸಂದಿಲ್ಲದ ಬಾಗಿಲು. ಹಗುರವಾದ ರಟ್ಟಿನಿಂದ ಅದು ಆಗದ ಮಾತು.

ಎರಡನೆಯದು, ಮಟ್ಟ. ಡಿಜಿಟಲ್ ದನಿಗೆ ಒಂದು ಚಾವಣಿ ಇದೆ, ಅದನ್ನು ಸೊನ್ನೆ ಡೆಸಿಬಲ್ ಎಂದು ಗುರುತಿಸುತ್ತಾರೆ. ಅದನ್ನು ಮುಟ್ಟಿದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ದನಿ ಒಡೆದಂತೆ ಕೇಳುತ್ತದೆ. ಇದೇ ಕ್ಲಿಪಿಂಗ್. ಹೀಗೆ ಕಳೆದುಹೋದದ್ದನ್ನು ಎಷ್ಟೇ ದುಬಾರಿ ತಂತ್ರಾಂಶವೂ ಇದ್ದ ಹಾಗೆಯೇ ಮರಳಿಸಲಾರದು. ಹಾಡಿನ ಅತಿ ಜೋರಾದ ಭಾಗದಲ್ಲೂ ಮೀಟರ್ ಮೈನಸ್ 12ರಿಂದ ಮೈನಸ್ 6ರ ಆಸುಪಾಸಿನಲ್ಲಿ ಇರುವಂತೆ ನೋಡಿಕೊಳ್ಳಿ. 24 ಬಿಟ್ ಆಯ್ಕೆ ಇದ್ದರೆ ಅದನ್ನೇ ಬಳಸಿ, ಆಗ ಮೆಲುದನಿಯಲ್ಲಿ ಮುದ್ರಿಸಿಕೊಂಡು ಆಮೇಲೆ ಏರಿಸಿದರೂ ಗುಣಮಟ್ಟ ಕೆಡುವುದಿಲ್ಲ.

ಯಾರಿಗೆ ಯಾವುದು?

ಒಬ್ಬರ ಹಾಡು, ಕಥೆ, ಮಾತು ಇಷ್ಟನ್ನು ಮುದ್ರಿಸಿ ಬೇಡದ್ದನ್ನು ಕತ್ತರಿಸಿದರೆ ಸಾಕು ಎನ್ನುವವರಿಗೆ ಅಡಾಸಿಟಿ ಸಾಕು. 2000ನೇ ಇಸವಿಯಲ್ಲಿ ಬಿಡುಗಡೆಯಾದ ಈ ಉಚಿತ, ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಳೆಯ ಕಂಪ್ಯೂಟರಿಗೂ ಹೊರೆಯಾಗದು.

ಆಪಲ್‌ನ ಮ್ಯಾಕ್ ಇದ್ದವರು ಬೇರೇನನ್ನೂ ಹುಡುಕಬೇಕಿಲ್ಲ. 2004ರಲ್ಲಿ ಬಂದ ಗರಾಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ, ಬಹು ಟ್ರ್ಯಾಕ್ ಕೆಲಸಕ್ಕೂ ಆಗುತ್ತದೆ. ಆದರೆ ವಿಂಡೋಸ್‌ನಲ್ಲಿ ಅದು ಸಿಗುವುದಿಲ್ಲ.

ವಿಂಡೋಸ್‌ನಲ್ಲಿ ಹಲವು ಟ್ರ್ಯಾಕ್‌ಗಳ ಕೆಲಸ ಮಾಡುವವರಿಗೆ ರೀಪರ್ ಒಳ್ಳೆಯ ಆಯ್ಕೆ. ಮನೆಬಳಕೆಯ ಪರವಾನಗಿಗೆ 60 ಡಾಲರ್, ಅಂದರೆ ಐದು ಸಾವಿರ ರೂಪಾಯಿಯ ಆಸುಪಾಸು. ಹಣ ಕೊಡುವ ಮೊದಲು 60 ದಿನ ಯಾವ ನಿರ್ಬಂಧವೂ ಇಲ್ಲದೆ ಬಳಸಿ ನೋಡಬಹುದು. ಮೊದಲ ಸಲ ತೆರೆದಾಗ ಮೆನುಗಳ ರಾಶಿ ನೋಡಿ ಕಂಗಾಲಾಗುವುದು ಮಾತ್ರ ಸಹಜ. ಒಂದು ಪೈಸೆಯನ್ನೂ ಕೊಡಲಾಗದು ಎಂದಾದರೆ ಟ್ರ್ಯಾಕ್‌ಷನ್ ಸಂಸ್ಥೆಯ ವೇವ್‌ಫಾರ್ಮ್ ಫ್ರೀ ಇದೆ, ಅದರಲ್ಲಿ ಟ್ರ್ಯಾಕ್‌ಗಳ ಸಂಖ್ಯೆಗೆ ಮಿತಿಯಿಲ್ಲ. ಸ್ಟುಡಿಯೋಗಳ ಹೆಸರಾಂತ ಪ್ರೋ ಟೂಲ್ಸ್‌ಗೂ ಇಂಟ್ರೋ ಎಂಬ ಉಚಿತ ರೂಪವಿದೆ, ಆದರೆ ಅದರಲ್ಲಿ ಎಂಟೇ ಆಡಿಯೋ ಟ್ರ್ಯಾಕ್‌ಗಳು.

ಆಡಿಯೋ ಇಂಟರ್‌ಫೇಸ್ ಕೊಂಡವರು ಅದರ ಪೆಟ್ಟಿಗೆಯನ್ನು ಎಸೆಯುವ ಮೊದಲು ಒಮ್ಮೆ ನೋಡಿ. ಏಬಲ್‌ಟನ್ ಲೈವ್ ಲೈಟ್, ಕ್ಯೂಬೇಸ್ ಎಲ್‌ಇ ಮುಂತಾದ ಕಿರು ಆವೃತ್ತಿಗಳ ಕೋಡ್ ಹಲವು ಬಾರಿ ಜೊತೆಯಲ್ಲೇ ಬಂದಿರುತ್ತದೆ.

ಹೆಸರು ನೋಡಿ ಮೋಸಹೋಗದಿರಲು ಒಂದು ಉದಾಹರಣೆ: ಎಲ್‌ಎಂಎಂಎಸ್ ಕೂಡ ಉಚಿತ ಸಂಗೀತ ತಂತ್ರಾಂಶವೇ. ಆದರೆ ಅದು ಕಂಪ್ಯೂಟರಿನ ವಾದ್ಯಗಳಿಂದ ಸಂಗೀತ ಕಟ್ಟಲು ಇರುವಂಥದ್ದು. ಅದರ 1.2 ಆವೃತ್ತಿಯಲ್ಲಿ ಮೈಕಿನಿಂದ ಹಾಡು ಮುದ್ರಿಸುವ ಸೌಲಭ್ಯವೇ ಇಲ್ಲ!

ದನಿ ತಡವಾಗಿ ಬರುವುದೇಕೆ?

ಹಾಡಿದ್ದು ಹೆಡ್‌ಫೋನಿನಲ್ಲಿ ತುಸು ತಡವಾಗಿ ಕೇಳಿ ತಾಳ ತಪ್ಪುವುದು ಹೊಸಬರ ಸಾಮಾನ್ಯ ದೂರು. ಭರ್ತಿಯಾಗುವವರೆಗೆ ಮ್ಯಾಕ್ಸಿಕ್ಯಾಬ್ ಹೊರಡುವುದಿಲ್ಲವಲ್ಲ, ಕಂಪ್ಯೂಟರ್ ಕೂಡ ಹಾಗೆಯೇ ಒಂದಷ್ಟು ಸ್ಯಾಂಪಲ್‌ಗಳು ತುಂಬುವವರೆಗೆ ಕಾಯುತ್ತದೆ. ಈ ಗಾಡಿಯ ಹೆಸರು ಬಫರ್. 1024 ಸ್ಯಾಂಪಲ್‌ಗಳ ಬಫರ್ ತುಂಬಲು ಸುಮಾರು 23 ಮಿಲಿಸೆಕೆಂಡ್ ಬೇಕು. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಕಾದರೆ 46 ಮಿಲಿಸೆಕೆಂಡ್. ಅಂದರೆ ಮೃದಂಗದವರು ನಿಮ್ಮಿಂದ 15 ಮೀಟರ್ ಆಚೆ ಕುಳಿತಷ್ಟು ದೂರ!

ಬಫರನ್ನು 256ಕ್ಕೆ ಇಳಿಸಿದರೆ ಒಂದು ಸಲದ ಕಾಯುವಿಕೆ 6 ಮಿಲಿಸೆಕೆಂಡಿಗಿಂತ ಕಡಿಮೆಯಾಗುತ್ತದೆ. ತೀರಾ ಇಳಿಸಿದರೆ ಕಂಪ್ಯೂಟರಿಗೆ ಪೂರೈಸಲಾಗದೆ ಚಟಪಟ ಸದ್ದು ಬರುತ್ತದೆ. ವಿಂಡೋಸ್‌ನಲ್ಲಿ ಇಂಟರ್‌ಫೇಸಿನ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳುವುದರಿಂದಲೂ ಇದು ಬಹುಮಟ್ಟಿಗೆ ಸರಿಹೋಗುತ್ತದೆ. ಹೊಸ ತಂತ್ರಾಂಶ ಕೊಳ್ಳುವ ಅಗತ್ಯ ಇಲ್ಲಿಯೂ ಇಲ್ಲ.

ನಮ್ಮ ಸಂಗೀತಕ್ಕೆ ಮೂರು ಎಚ್ಚರಿಕೆಗಳು

ಈ ತಂತ್ರಾಂಶಗಳನ್ನು ತೆರೆದಾಗ ಸಾಮಾನ್ಯವಾಗಿ ನಾಲ್ಕೆಣಿಕೆಯ ಲಯ ಮೊದಲೇ ಸಿದ್ಧವಿರುತ್ತದೆ. ಆದಿತಾಳಕ್ಕೆ ಇದು ಹೊಂದುತ್ತದೆ. ಮಿಶ್ರಛಾಪಿಗೆ ಏಳು, ಖಂಡಛಾಪಿಗೆ ಐದು ಎಂದು ನಾವೇ ಬದಲಿಸಬೇಕು. ಆಲಾಪನೆಗೆ ಮೆಟ್ರೊನೋಮನ್ನು ಪೂರ್ತಿ ನಿಲ್ಲಿಸಿಬಿಡಿ.

ಎರಡನೆಯದು ಶ್ರುತಿ ಸರಿಪಡಿಸುವ ಎಫೆಕ್ಟ್. ಅದು ಹಾಡಿದ ಸ್ವರವನ್ನು ಹನ್ನೆರಡು ಮೆಟ್ಟಿಲುಗಳಲ್ಲಿ ಹತ್ತಿರದ ಒಂದಕ್ಕೆ ಎಳೆದು ಕೂರಿಸುತ್ತದೆ. ಮೆಟ್ಟಿಲುಗಳ ನಡುವೆ ಜಾರುತ್ತ, ತೂಗುತ್ತ ಸಾಗುವುದೇ ಗಮಕ. ತೋಡಿಯ ಗಾಂಧಾರವನ್ನು ಈ ಎಫೆಕ್ಟಿನ ಕೈಗೆ ಕೊಟ್ಟರೆ ರಾಗದ ಜೀವವೇ ಹೋಗುತ್ತದೆ.

ಮೂರನೆಯದು, ಫ್ಯಾನಿನ ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್. ಒಂದೇ ಸಮನೆ ಬರುವ ಸದ್ದನ್ನು ಗುರುತಿಸಿ ಅಳಿಸುವುದು ಅದರ ಕೆಲಸ. ತಂಬೂರಿಯೂ ಒಂದೇ ಸಮನೆ ನುಡಿಯುತ್ತದೆ! ಅದಕ್ಕೆಂದೇ ಮೊದಲು ಐದು ಸೆಕೆಂಡ್ ತಂಬೂರಿ ನಿಲ್ಲಿಸಿ, ಯಾರೂ ಮಾತಾಡದೆ ಬರೀ ಕೋಣೆಯ ಸದ್ದನ್ನು ಮುದ್ರಿಸಿಕೊಳ್ಳಿ. ಆ ಮಾದರಿಯನ್ನೇ ತಂತ್ರಾಂಶಕ್ಕೆ ತೋರಿಸಿ. ಫ್ಯಾನನ್ನೇ ಆರಿಸಿಬಿಡುವುದು ಇನ್ನೂ ಒಳ್ಳೆಯದು.

ಕದ್ದ ಪ್ರತಿ ನಿಜಕ್ಕೂ ಪುಕ್ಕಟೆಯೇ?

ದುಬಾರಿ ತಂತ್ರಾಂಶದ 'ಕ್ರ್ಯಾಕ್' ಆದ ಪ್ರತಿಯನ್ನು ಇಳಿಸಿಕೊಳ್ಳುವವರು ಕಡಿಮೆಯಿಲ್ಲ. 2019ರಲ್ಲಿ ಇಸೆಟ್ ಎಂಬ ಭದ್ರತಾ ಸಂಸ್ಥೆ ಲೌಡ್‌ಮೈನರ್ ಎಂಬ ಕುತಂತ್ರಾಂಶವನ್ನು ಪತ್ತೆಹಚ್ಚಿತು. ಕದ್ದ ಸಂಗೀತ ತಂತ್ರಾಂಶಗಳ ಜೊತೆ ಸೇರಿಕೊಂಡು ಬರುತ್ತಿದ್ದ ಅದು, ಬಳಕೆದಾರರ ಕಂಪ್ಯೂಟರಿನಲ್ಲಿ ಅವರಿಗೇ ತಿಳಿಯದಂತೆ ಬೇರೆಯವರಿಗಾಗಿ ಕ್ರಿಪ್ಟೋ ನಾಣ್ಯ ಗಳಿಸುತ್ತಿತ್ತು. ಸಂಗೀತದ ಕೆಲಸ ಮಾಡುವ ಕಂಪ್ಯೂಟರುಗಳು ಹೇಗೂ ಶಕ್ತಿಶಾಲಿಯಾಗಿರುತ್ತವೆ, ಅವು ಸ್ವಲ್ಪ ಬಿಸಿಯಾದರೆ ಯಾರಿಗೂ ಅನುಮಾನ ಬರುವುದಿಲ್ಲ. ಇಷ್ಟೊಂದು ಉಚಿತ ಆಯ್ಕೆಗಳಿರುವಾಗ ಆ ದಾರಿ ಯಾಕೆ?

ಕೊನೆಗೆ ಉಳಿಯಬೇಕಾದದ್ದು ಏನು?

ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ. ವಿಂಡೋಸ್ ಬಳಕೆದಾರರ ಮೆಚ್ಚಿನ ಕೇಕ್‌ವಾಕ್ 2018ರಲ್ಲಿ ಉಚಿತವಾಗಿತ್ತು. ಅದರ ಬದಲಿಗೆ ಸೋನಾರ್ ಬರಲಿದೆ ಎಂದು 2023ರಲ್ಲಿ ಪ್ರಕಟಣೆ ಬಂತು. ಒಂದು ತಂತ್ರಾಂಶದ ಪ್ರಾಜೆಕ್ಟ್ ಕಡತವನ್ನು ಇನ್ನೊಂದರಲ್ಲಿ ತೆರೆಯುವುದು ಸಾಮಾನ್ಯವಾಗಿ ಆಗುವುದಿಲ್ಲ.

ಹಾಗಾಗಿ ಅಜ್ಜಿಯ ಪದವನ್ನು ಮುದ್ರಿಸಿದ ದಿನವೇ ಅದನ್ನು ವೇವ್ ಕಡತವಾಗಿಯೂ ಉಳಿಸಿ. 1991ರಿಂದ ಬಳಕೆಯಲ್ಲಿರುವ ಈ ರೂಪವನ್ನು ಎಲ್ಲ ತಂತ್ರಾಂಶಗಳೂ ಓದುತ್ತವೆ. ಎಂಪಿ3 ಜಾಗ ಉಳಿಸಲು ದನಿಯ ಕೆಲವು ಅಂಶಗಳನ್ನು ಬಿಟ್ಟುಬಿಡುತ್ತದೆ, ವಾಟ್ಸ್‌ಆಪ್‌ನಲ್ಲಿ ಕಳಿಸಲು ಅದು ಸಾಕು, ಮೂಲ ಪ್ರತಿಗೆ ಸಲ್ಲದು. ಒಂದು ಮೈಕಿನಲ್ಲಿ 24 ಬಿಟ್ಟಿನ ಒಂದು ಗಂಟೆಯ ಧ್ವನಿಮುದ್ರಣಕ್ಕೆ ಬೇಕಾಗುವುದು 500 ಎಂಬಿಗೂ ಕಡಿಮೆ ಜಾಗ. ಎರಡು ಬೇರೆ ಬೇರೆ ಕಡೆ ಪ್ರತಿ ಇಡಿ. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಕಡತದ ಹೆಸರಿನಲ್ಲೇ ಬರೆಯಿರಿ.

ಕೈಯಲ್ಲಿರುವ ಹಣ ಹತ್ತು ಸಾವಿರವಾದರೆ ಅದನ್ನು ಮೈಕಿಗೆ, ಹೆಡ್‌ಫೋನಿಗೆ ಖರ್ಚುಮಾಡಿ, ತಂತ್ರಾಂಶ ಉಚಿತದ್ದೇ ಇರಲಿ. ಬೇಕೆನಿಸಿದರೆ ಮುಂದೊಂದು ದಿನ ಹೊಸದನ್ನು ಕೊಳ್ಳಬಹುದು. ಅಜ್ಜಿಯ ಪದಕ್ಕೆ ಮಾತ್ರ ಅಷ್ಟು ದಿನ ಕಾಯುವುದು ಬೇಡ.