ಮೊಮ್ಮಗನಿಗೆ ಪುಲಕೇಶಿ ಎಂದು ಹೆಸರಿಡಬಹುದೇ?

ಪ್ರಶ್ನೆ: ಮೊಮ್ಮಗನಿಗೆ ಪುಲಕೇಶಿ ಎಂದು ಹೆಸರಿಡುವ ಆಸೆ. ಮನೆಯವರು ‘ಯಾರೂ ಇಡದ ಹೆಸರು’ ಅನ್ನುತ್ತಾರೆ. ಅದರ ಅರ್ಥವೇನು? – ಓದುಗರು, ವಿಜಯನಗರ

ಉತ್ತರ: ಧಾರಾಳವಾಗಿ ಇಡಿ. ಅರ್ಥದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಸಂಸ್ಕೃತದ ‘ಪುಲಕ’ದಿಂದ ಬಂದದ್ದು, ನವಿರೆದ್ದ ಕೂದಲಿನವನು ಎಂದು ಕೆಲವರು, ನಮ್ಮ ‘ಪುಲಿ’, ಅಂದರೆ ಹುಲಿಯಿಂದ ಬಂದದ್ದು ಎಂದು ಕೆಲವರು. ಶಾಸನಗಳಲ್ಲೇ ಪೊಲೆಕೇಶಿ, ಪುಲಿಕೇಶಿ, ಪುಲಕೇಶಿ ಎಂಬ ರೂಪಗಳಿವೆ. ನನ್ನ ಒಲವು ಹುಲಿಯ ಕಡೆಗೆ.

ಬಾದಾಮಿ ಚಾಲುಕ್ಯರ ದೊರೆ ಇಮ್ಮಡಿ ಪುಲಕೇಶಿಯ ಮೊದಲ ಹೆಸರು ಎರೆಯ ಎಂದು ಇತಿಹಾಸಕಾರರು ಹೇಳುತ್ತಾರೆ. ಪುಲಕೇಶಿ ಎಂಬುದು ಅಜ್ಜನ ಹೆಸರು. ಹಾಗಾಗಿ ನೀವು ಮೊಮ್ಮಗನಿಗೆ ಅದನ್ನು ಬಯಸಿದ್ದು ನನಗೆ ತುಂಬ ಹಿಡಿಸಿತು. ಐಹೊಳೆಗೆ ಹೋದರೆ ಮೇಗುಟಿ ದೇವಾಲಯದ ಪೂರ್ವ ಗೋಡೆ ನೋಡಿ: ಕ್ರಿ.ಶ. 634ರಲ್ಲಿ ಕವಿ ರವಿಕೀರ್ತಿ ಬರೆಸಿದ 19 ಸಾಲುಗಳಲ್ಲಿ ಈ ದೊರೆಯ ಎದುರು ಹರ್ಷವರ್ಧನನ ಸೋಲು ಇಂದಿಗೂ ಓದಲು ಸಿಗುತ್ತದೆ.

ಇಮ್ಮಡಿ ಪುಲಕೇಶಿಯ ಮಗ ವಿಕ್ರಮಾದಿತ್ಯ. ಮಗನ ಹೆಸರು ‘ವಿಕ್ರಮ್’ ಆಗಿ ರಾಜಾಜಿನಗರದ ಬೀದಿಬೀದಿಯಲ್ಲಿದೆ. ಅಪ್ಪನದು 1967ರ ರಾಜ್‌ಕುಮಾರ್ ಚಿತ್ರದಲ್ಲಿ, ಫ್ರೇಜರ್ ಟೌನಿಗೆ ಇಟ್ಟ ಪುಲಕೇಶಿನಗರ ಎಂಬ ಹೆಸರಿನಲ್ಲಿ ಉಳಿಯಿತು. ತೊಟ್ಟಿಲಿಗೆ ಬಂದದ್ದು ಕಡಿಮೆ. ಉದ್ದವಾಯಿತು ಎನ್ನುವವರಿಗೆ ಹೇಳಿ, ಮನೆಯಲ್ಲಿ ‘ಪುಲಿ’ ಎಂದು ಕರೆದರಾಯಿತು.